ಕಾರನ್ನು ಬಯ್ಯಬೇಡಿ, ಟೈರು ನೋಡಿ

“ಸಾರ್, ನಿಮ್ಮದು ಫ್ರಂಟ್ ವ್ಹೀಲ್ ಡ್ರೈವ್ ಅಲ್ವಾ? ಅದೂ ಆ ಪುಟ್ಟ ಸ್ಪೋರ್ಟಿ ಕಾರು. ಹಿಮದಲ್ಲಿ ಆಗೋದಿಲ್ಲ ಬಿಡಿ. ಒಂದು ಎಸ್‌ಯುವಿ ತಗೊಳ್ಳಿ.”

ಡಿಸೆಂಬರ್ ಬಂತೆಂದರೆ ದೆಹಲಿಯ ನಮ್ಮ ಕನ್ನಡಿಗರ ಕೂಟಗಳಲ್ಲಿ ಈ ಮಾತು ಯಾರ ಬಾಯಿಂದಲಾದರೂ ನನ್ನ ಕಿವಿಗೆ ಬೀಳುತ್ತದೆ. ಊಟದ ತಟ್ಟೆ ಕೈಯಲ್ಲಿ ಹಿಡಿದು, ಬಿಸಿಬೇಳೆಬಾತಿನ ಮೇಲೆ ಬೂಂದಿ ಹಾಕಿಕೊಳ್ಳುತ್ತಾ, ಬಹಳ ತಿಳಿದವರ ಹಾಗೆ ಹೇಳುತ್ತಾರೆ. ಹೇಳುವವರಲ್ಲಿ ಮುಕ್ಕಾಲು ಪಾಲು ಜನ ಹಿಮದ ಮೇಲೆ ಒಂದು ಫರ್ಲಾಂಗೂ ಕಾರು ಓಡಿಸಿದವರಲ್ಲ. ಉಳಿದ ಕಾಲು ಪಾಲು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು ಬಂದವರು. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಈ ಸಲಹೆ ಬರೀ ತಪ್ಪಲ್ಲ, ಅಪಾಯಕಾರಿ ಕೂಡ. ಇದನ್ನು ನಂಬಿದವರು ಹದಿನೈದು ಇಪ್ಪತ್ತು ಲಕ್ಷ ಸುರಿದು ದೊಡ್ಡ ಗಾಡಿ ಕೊಂಡು, ಊರಿಂದ ಬಂದ ವಯಸ್ಸಾದ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಸವೆದ ಬೇಸಿಗೆ ಟೈರಿನ ಮೇಲೆ ಕುಲು ಕಣಿವೆ ಹತ್ತುತ್ತಾರೆ. ಆದ್ದರಿಂದ ಈ ಲೇಖನ.

ನನಗೇನು ಗೊತ್ತು ಎಂದು ಕೇಳುವ ಹಕ್ಕು ನಿಮಗಿದೆ. ನಾನು ಸಾಗರದ ಕಡೆಯವನು. ಎಂಕಾಂ ಮುಗಿಸಿ ಬ್ಯಾಂಕಿಗೆ ಸೇರಿ, ಬಡ್ತಿಯ ಜೊತೆ ಉತ್ತರಕ್ಕೆ ಬಂದವನು ಇಲ್ಲೇ ಉಳಿದುಬಿಟ್ಟೆ. 2005ರಿಂದ ಮೂರು ಚಳಿಗಾಲ ಶಿಮ್ಲಾದಲ್ಲಿ ಕೆಲಸ. ಸಾಲ ಕೊಟ್ಟ ಸೇಬಿನ ತೋಟಗಳ ತಪಾಸಣೆಗೆಂದು ಠಿಯೋಗ್, ಕೋಟ್‌ಖಾಯಿ, ನಾರ್ಕಂಡಾ ಎಲ್ಲ ಕಡೆ ಸುತ್ತಬೇಕಿತ್ತು. ಆಗ ನನ್ನ ಹತ್ತಿರ ಇದ್ದದ್ದು ಮಾರುತಿ 800. ಅದು ಫ್ರಂಟ್ ವ್ಹೀಲ್ ಡ್ರೈವ್. ಶಿಮ್ಲಾದ ಟ್ಯಾಕ್ಸಿ ನಿಲ್ದಾಣದಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದ ಆಲ್ಟೊಗಳೂ ಅಷ್ಟೆ. ಹಿಮಾಚಲದ ಮಾಸ್ತರರು, ಡಾಕ್ಟರರು, ಸೇಬಿನ ದಲ್ಲಾಳಿಗಳು ವರ್ಷಾನುಗಟ್ಟಲೆ ಚಳಿಗಾಲ ಕಳೆದದ್ದು ಇಂಥ ಮುಂಚಕ್ರದ ಪುಟ್ಟ ಕಾರುಗಳಲ್ಲೇ ಸ್ವಾಮಿ. ಜಿಪ್ಸಿ ಇದ್ದದ್ದು ಪೊಲೀಸರ ಹತ್ತಿರ, ಮಿಲಿಟರಿಯವರ ಹತ್ತಿರ, ಕೆಲವು ಶ್ರೀಮಂತರ ಹತ್ತಿರ. “ಫ್ರಂಟ್ ವ್ಹೀಲ್ ಆಗೋದಿಲ್ಲ” ಎಂಬ ಮಾತನ್ನು ಆ ಮೂರು ವರ್ಷದಲ್ಲಿ ಒಬ್ಬ ಪಹಾಡಿಯ ಬಾಯಲ್ಲೂ ನಾನು ಕೇಳಲಿಲ್ಲ. ಕೇಳಿದ್ದು ದೆಹಲಿಗೆ ವಾಪಸು ಬಂದ ಮೇಲೆ.

ಇಲ್ಲಿ ಒಂದು ತಮಾಷೆ. ನಾವು ದಕ್ಷಿಣದವರಿಗೆ ಹಿಮದಲ್ಲಿ ಕಾರು ಓಡಿಸಲು ಬರುವುದಿಲ್ಲ ಎಂದು ದೆಹಲಿಯವರಿಗೆ ಖಾತ್ರಿ. “ಮದ್ರಾಸಿ ಲೋಗ್” ಎಂದು ನಗುತ್ತಾರೆ. ನಮ್ಮವರೂ ಅದನ್ನು ನಂಬಿ ತಲೆಯಾಡಿಸುತ್ತಾರೆ. ಆದರೆ ದೆಹಲಿಯಲ್ಲೂ ಹಿಮ ಬೀಳೋದಿಲ್ಲವಲ್ಲ! ರೋಹಿಣಿಯಲ್ಲಿ ಹುಟ್ಟಿದವನಿಗೂ ರಾಣೆಬೆನ್ನೂರಿನಲ್ಲಿ ಹುಟ್ಟಿದವನಿಗೂ ಹಿಮದ ಅನುಭವ ಒಂದೇ, ಸೊನ್ನೆ. ನಿಜ ಹೇಳಬೇಕೆಂದರೆ ಆಷಾಢದ ಮಳೆಯಲ್ಲಿ ಮಲೆನಾಡಿನ ಮಣ್ಣುರಸ್ತೆಯಲ್ಲಿ ಗಾಡಿ ಓಡಿಸಿ ಕಲಿತವನಿಗೆ ಒಂದು ಹಿಡಿ ಹೆಚ್ಚೇ ಅನುಭವ. ಜಾರುವ ಜಾಗದಲ್ಲಿ ಗಡಿಬಿಡಿ ಮಾಡಬಾರದೆಂಬುದು ಅವನ ಕಾಲಿಗೆ ಗೊತ್ತಿರುತ್ತದೆ.

ಈ ವಿಷಯ ಈಗ ಯಾಕೆ ಮುಖ್ಯ? 2020ರ ಅಕ್ಟೋಬರ್ 3ರಂದು ರೋಹ್ತಾಂಗ್ ಕೆಳಗೆ ಅಟಲ್ ಸುರಂಗ ತೆರೆಯಿತು. ಒಂಬತ್ತು ಕಿಲೋಮೀಟರ್ ಉದ್ದ, ಹತ್ತು ಸಾವಿರ ಅಡಿಗೂ ಮೇಲೆ. ಮೊದಲು ಚಳಿಗಾಲದಲ್ಲಿ ಲಾಹೌಲ್ ಕಣಿವೆ ಆರು ತಿಂಗಳು ಹೊರಜಗತ್ತಿನಿಂದ ದೂರ. ಈಗ ಶುಕ್ರವಾರ ರಾತ್ರಿ ದೆಹಲಿ ಬಿಟ್ಟವನು ಶನಿವಾರ ಮಧ್ಯಾಹ್ನ ಸಿಸ್ಸುವಿನಲ್ಲಿ ಹಿಮದ ಮುದ್ದೆ ಎಸೆಯುತ್ತಿರುತ್ತಾನೆ. ರಸ್ತೆ ಬಂತು, ಜನ ಬಂದರು, ಟೈರು ಮಾತ್ರ ಬಯಲುಸೀಮೆಯದೇ ಉಳಿಯಿತು. 2024ರ ಡಿಸೆಂಬರ್ ಕೊನೆಯ ವಾರ ಸೋಲಂಗ್‌ನಿಂದ ಸುರಂಗದವರೆಗೆ ಸಾವಿರದಷ್ಟು ವಾಹನ ಸಿಕ್ಕಿಹಾಕಿಕೊಂಡದ್ದನ್ನು ಟೀವಿಯಲ್ಲಿ ನೀವೂ ನೋಡಿರಬೇಕು. ಅವುಗಳಲ್ಲಿ ಎಸ್‌ಯುವಿಗಳೇನೂ ಕಡಿಮೆ ಇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಟೈರಿಗೂ ನೆಲಕ್ಕೂ ಇರುವ ಹಿಡಿತವನ್ನು ಬ್ಯಾಂಕಿನ ಓವರ್‌ಡ್ರಾಫ್ಟ್ ಖಾತೆ ಎಂದುಕೊಳ್ಳಿ. ಅದಕ್ಕೊಂದು ಮಂಜೂರಾದ ಮಿತಿ ಇದೆ. ಮುಂದೆ ತಳ್ಳುವುದು, ನಿಲ್ಲಿಸುವುದು, ತಿರುಗಿಸುವುದು, ಈ ಮೂರೂ ಖರ್ಚು ಅದೇ ಖಾತೆಯಿಂದ. ಒಣ ಡಾಂಬರಿನ ಮೇಲೆ ಮಿತಿ ದೊಡ್ಡದು, ಎಷ್ಟು ಚೆಕ್ಕು ಬರೆದರೂ ನಡೆಯುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು ಮೂರನೇ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಮಂಜುಗಡ್ಡೆಯ ಮೇಲೆ ಏಳನೇ ಒಂದಕ್ಕೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಕಾರು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿ ಹಿಮದಲ್ಲಿ ಸುಮಾರು 50 ಮೀಟರ್. ಮಂಜುಗಡ್ಡೆಯ ಮೇಲೆ ಸುಮಾರು 100. ಅದೇ ವೇಗವನ್ನು 20ಕ್ಕೆ ಇಳಿಸಿ ನೋಡಿ. ಹಿಮದಲ್ಲಿ 8 ಮೀಟರ್, ಮಂಜುಗಡ್ಡೆಯಲ್ಲಿ 16. ಇದು ಸಮತಟ್ಟಾದ ರಸ್ತೆಯ ಲೆಕ್ಕ, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಈ ಲೆಕ್ಕದಲ್ಲಿ ಎಂಜಿನ್ನು ಯಾವ ಚಕ್ರ ತಿರುಗಿಸುತ್ತದೆ ಎಂಬ ಪ್ರಶ್ನೆ ಎಲ್ಲಾದರೂ ಬಂತೇ? ಇಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ಫೋರ್ ಬೈ ಫೋರ್ ಎಂಬುದು ಹೊರಡಲು ಮತ್ತು ಹತ್ತಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಗುಡ್ಡದಲ್ಲಿ ಜೀವ ಹೋಗುವುದು ಹತ್ತಲಾರದೆ ನಿಂತಾಗಲ್ಲ, ಇಳಿಯುವಾಗ ನಿಲ್ಲದೆ ಹೋದಾಗ.

ಇನ್ನು ಮುಂಚಕ್ರದ ವಿಷಯ. ಎಂಜಿನ್ನು, ಗೇರ್‌ಬಾಕ್ಸು ಎರಡೂ ಮುಂದಿನ ಚಕ್ರಗಳ ಮೇಲೆ ಕೂತಿರುತ್ತವೆ. ಕಾರಿನ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಅರವತ್ತು ಪಾಲು ಅಲ್ಲೇ. ಎಳೆಯುವ ಚಕ್ರದ ಮೇಲೆ ತೂಕ ಇದ್ದರೆ ಹಿಡಿತ ಹೆಚ್ಚು. ಹಿಂಚಕ್ರ ತಳ್ಳುವ ಹಳೆಯ ಅಂಬಾಸಿಡರಿಗೆ ಈ ಅನುಕೂಲ ಇರಲಿಲ್ಲ. ನಮ್ಮೂರಲ್ಲಿ ಹಿಂದಿನ ಡಿಕ್ಕಿಗೆ ಎರಡು ಅಕ್ಕಿಮೂಟೆ ಹಾಕಿ ಕೆಸರು ದಾಟಿಸುತ್ತಿದ್ದದ್ದು ಇದೇ ಕಾರಣಕ್ಕೆ.

ಪುಟ್ಟ ಸ್ಪೋರ್ಟಿ ಮುಂಚಕ್ರದ ಕಾರಿಗೂ ಹಿಮಕ್ಕೂ ಹಗೆ ಎನ್ನುವವರು ಮಾಂಟೆ ಕಾರ್ಲೊ ರ‍್ಯಾಲಿಯ ಪಟ್ಟಿ ತೆಗೆದು ನೋಡಲಿ. ಆಲ್ಪ್ಸ್ ಪರ್ವತದ ರಸ್ತೆಗಳಲ್ಲಿ ಜನವರಿ ತಿಂಗಳಲ್ಲಿ ನಡೆಯುವ ಓಟ ಅದು. 1962 ಮತ್ತು 1963ರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಗೆದ್ದದ್ದು ಮುಂಚಕ್ರದ ಸಾಬ್ ಕಾರಿನಲ್ಲಿ. 1964, 1965, 1967ರಲ್ಲಿ ಗೆದ್ದದ್ದು ಪುಟಾಣಿ ಮಿನಿ. 1965ರಲ್ಲಂತೂ ಭಾರೀ ಹಿಮ. 1966ರಲ್ಲೂ ಮೊದಲು ಬಂದದ್ದು ಮಿನಿಗಳೇ, ಹೆಡ್‌ಲೈಟಿನ ನಿಯಮದ ನೆಪದಲ್ಲಿ ಅನರ್ಹಗೊಳಿಸಿ ಬಹುಮಾನವನ್ನು ಒಂದು ಸಿಟ್ರೋಎನ್‌ಗೆ ಕೊಟ್ಟರು. ಅದೂ ಮುಂಚಕ್ರದ್ದೇ! ಆದರೆ ಅವರೆಲ್ಲ ಹಿಮಕ್ಕೆ ಯಾವ ಟೈರು ಹಾಕುತ್ತಿದ್ದರು? ಮೊಳೆ ಕೂರಿಸಿದ ಟೈರು. ನಮ್ಮ ಪಂಡಿತರು ಮರೆಯುವುದು ಇದನ್ನೇ.

ನನ್ನ ಈಗಿನ ಕಾರು ಪೋಲೊ ಜಿಟಿ, ಟರ್ಬೊ ಪೆಟ್ರೋಲ್. ಮಗ ವಿದೇಶಕ್ಕೆ ಹೋಗುವಾಗ ಬಿಟ್ಟು ಹೋದದ್ದು. 2022ರಲ್ಲಿ ಆ ಮಾಡೆಲ್ ನಮ್ಮ ದೇಶದಲ್ಲಿ ನಿಂತೇ ಹೋಯಿತು. ನಿವೃತ್ತನಾದವನಿಗೆ ಇದು ಹೊಂದುವ ಕಾರಲ್ಲ ಎಂದು ನಮ್ಮ ಮನೆಯವಳು ಈಗಲೂ ಹೇಳುತ್ತಾಳೆ, ಅದು ಬೇರೆ ವಿಷಯ. ವಕಾಲತ್ತು ವಹಿಸಿದ ಮಾತ್ರಕ್ಕೆ ಇದರ ದೋಷ ಮುಚ್ಚಿಡುವುದಿಲ್ಲ. ನೆಲದಿಂದ ಎತ್ತರ 165 ಮಿಲಿಮೀಟರ್ ಆಸುಪಾಸು. ಹಿಮ ಅದಕ್ಕಿಂತ ದಪ್ಪ ಇದ್ದರೆ ಕಾರಿನ ಹೊಟ್ಟೆ ಹಿಮದ ಮೇಲೆ ಕೂರುತ್ತದೆ, ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಟೈರು ಅಗಲ, ಗೋಡೆ ಗಿಡ್ಡ. ಅಗಲ ಟೈರು ಹಿಮದ ಮೇಲೆ ತೇಲುತ್ತದೆ, ಮಾರುತಿ 800ರ ಕಿರಿದಾದ ಟೈರು ಹಿಮ ಸೀಳಿ ಕೆಳಗಿನ ನೆಲ ಮುಟ್ಟುತ್ತಿತ್ತು. ಮೇಲಾಗಿ ಟರ್ಬೊ ಎಂಜಿನ್ನು ಕಡಿಮೆ ಸುತ್ತಿನಲ್ಲೇ ದಿಢೀರನೆ ಶಕ್ತಿ ಕೊಡುತ್ತದೆ. ಕಾಲು ಸ್ವಲ್ಪ ಭಾರವಾಯಿತೋ, ಚಕ್ರ ಗಿರ‍್ರನೆ ತಿರುಗಿ ಕೆಳಗಿನ ಹಿಮವನ್ನು ಉಜ್ಜಿ ಗಾಜಿನಂತೆ ಮಾಡುತ್ತದೆ. ಆಮೇಲೆ ಬ್ರಹ್ಮ ಬಂದರೂ ಹೊರಡುವುದಿಲ್ಲ. ಎರಡನೇ ಗೇರಿನಲ್ಲಿ, ಪೆಡಲ್ ಕೆಳಗೆ ಮೊಟ್ಟೆ ಇಟ್ಟ ಹಾಗೆ ಕಾಲಿಟ್ಟು ಹೊರಡಬೇಕು. ಕಡಿದಾದ ಏರಿನಲ್ಲಿ ತೂಕ ಹಿಂದಕ್ಕೆ ಸರಿದು ಎಳೆಯುವ ಚಕ್ರ ಹಗುರಾಗುವುದೂ ನಿಜ. ಈ ಕಾರಣಕ್ಕೇ ಹಳೆಯ ಡ್ರೈವರುಗಳು ಕೆಟ್ಟ ಏರನ್ನು ರಿವರ್ಸಿನಲ್ಲಿ ಹತ್ತುತ್ತಿದ್ದರು. ಆಗ ಎಳೆಯುವ ಚಕ್ರವೇ ಕೆಳಭಾಗದಲ್ಲಿ ಇದ್ದು ತೂಕ ಅದರ ಮೇಲೆ ಬೀಳುತ್ತದೆ. ಇಳಿಜಾರಿನ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲನ್ನು ಥಟ್ಟನೆ ತೆಗೆದರೆ ಮುಂದಿನ ಚಕ್ರಗಳು ಮಾತ್ರ ತಡೆದು, ಹಗುರಾದ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ. ಕಾಲು ಒತ್ತುವುದೂ ತೆಗೆಯುವುದೂ ನಿಧಾನವಾಗಿಯೇ ಆಗಬೇಕು. ಇವೆಲ್ಲ ಕಾರಿನ ಸ್ವಭಾವ, ತಿಳಿದು ನಡೆಸಿಕೊಂಡರೆ ಆಯಿತು. ಎಲ್ಲ ಸಾಲಗಾರನಿಗೂ ಒಂದೊಂದು ಸ್ವಭಾವ ಇಲ್ಲವೇ?

ಎರಡು ವರ್ಷದ ಹಿಂದೆ ಜನವರಿಯಲ್ಲಿ ಅಕ್ಕ, ಭಾವ ಊರಿಂದ ಬಂದಿದ್ದರು. ಹರಿದ್ವಾರ ಆಯಿತು, ಆಗ್ರಾ ಆಯಿತು, ಇನ್ನು ಹಿಮ ನೋಡಬೇಕು. ದೆಹಲಿಯಲ್ಲಿ ಮನೆ ಮಾಡಿದ ಕನ್ನಡಿಗನಿಗೆ ಇದು ತಪ್ಪದ ಕರ್ತವ್ಯ. ಶಿಮ್ಲಾದಲ್ಲಿ ಉಳಿದು ಬೆಳಗಾದ ಮೇಲೆ ನಾರ್ಕಂಡಾ ಕಡೆ ಹೊರಟೆವು. ದೇವದಾರು ಮರಗಳ ನೆರಳಿನ ಒಂದು ಏರುತಿರುವಿನಲ್ಲಿ ಏಳೆಂಟು ವಾಹನ ನಿಂತಿದ್ದವು. ಎಲ್ಲಕ್ಕೂ ಮುಂದೆ ದೆಹಲಿ ನಂಬರಿನ ಒಂದು ದೊಡ್ಡ ಎಸ್‌ಯುವಿ ಅಡ್ಡಡ್ಡ ತಿರುಗಿ ಚರಂಡಿಗೆ ಮೂತಿ ಇಟ್ಟಿತ್ತು. ಮಾಲೀಕ ಇಳಿದು ಟೈರಿಗೆ ಒದೆಯುತ್ತಿದ್ದ. ಸ್ಥಳೀಯ ಹುಡುಗನೊಬ್ಬ ಬಗ್ಗಿ ನೋಡಿ, “ಸಾಬ್, ಇದು ಫೋರ್ ಬೈ ಫೋರ್ ಅಲ್ಲ, ಟೂ ವ್ಹೀಲ್” ಎಂದು ಹಿಂದಿಯಲ್ಲಿ ಹೇಳಿದಾಗ ಆತನ ಮುಖ ನೋಡಬೇಕಿತ್ತು. ಎರಡು ವರ್ಷ ಓಡಿಸಿದ ಗಾಡಿಯ ಯಾವ ಚಕ್ರ ತಿರುಗುತ್ತದೆಂದು ಆತನಿಗೆ ತಿಳಿದಿರಲಿಲ್ಲ! ನಮ್ಮ ದೇಶದಲ್ಲಿ ಎಸ್‌ಯುವಿ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ನನ್ನ ಪೋಲೊ ಹಾಗೆಯೇ ಮುಂಚಕ್ರದವು. ಬಾನೆಟ್ಟು ಎತ್ತರ, ತೂಕ ಜಾಸ್ತಿ, ಜಾಹೀರಾತಿನಲ್ಲಿ ಹಿಂದೆ ಒಂದು ಹಿಮಪರ್ವತ. ಅಷ್ಟೆ ವ್ಯತ್ಯಾಸ.

ಎಲ್ಲರೂ ಸೇರಿ ಆ ಗಾಡಿಯನ್ನು ಪಕ್ಕಕ್ಕೆ ತಳ್ಳಿದ ಮೇಲೆ ನಾನು ಎರಡನೇ ಗೇರಿನಲ್ಲಿ ಎಲ್ಲೂ ನಿಲ್ಲಿಸದೆ, ಹದಿನೈದರ ವೇಗದಲ್ಲಿ ಹತ್ತಿಸಿದೆ. ಪವಾಡ ಏನೂ ಇಲ್ಲ, ಟೈರು ಚಳಿಗಾಲದ್ದು. ಮುಂದಿನ ಸೀಟಿನಲ್ಲಿದ್ದ ಭಾವ ಕಿಟಕಿಯಾಚೆ ನೋಡುತ್ತಾ, “ಏನೋ ಅಂದ್ಕೊಂಡಿದ್ದೆ ಮಾರಾಯ, ನಮ್ಮ ಕೆಸರು ಬೆಳ್ಳಗಾದ ಹಾಗಿದೆ ಅಷ್ಟೆ” ಎಂದರು. ಅಕ್ಕ ಮಾತ್ರ ಮೇಲೆ ತಲುಪುವವರೆಗೆ ಕಣ್ಣು ಬಿಡಲಿಲ್ಲ.

ಆ ಟೈರು ಸಂಪಾದಿಸಿದ ಕತೆಯೇ ಒಂದು ಪುರಾಣ. ದೆಹಲಿಯ ಟೈರು ಅಂಗಡಿಗಳಲ್ಲಿ ಕೇಳಿದರೆ, “ಸ್ನೋ ಟೈರಾ? ದಿಲ್ಲಿಯಲ್ಲಾ?” ಎಂದು ನಗು. ಒಬ್ಬ ಅಂಗಡಿಯವನು ದಪ್ಪ ಹಲ್ಲಿನ ಮಣ್ಣುರಸ್ತೆ ಟೈರು ತೋರಿಸಿ ಇದೇ ಅದು ಎಂದು ಸುಳ್ಳು ಹೇಳಿದ. ಇನ್ನೊಬ್ಬ ಮುಂದಿನ ಎರಡಕ್ಕೆ ಮಾತ್ರ ಹಾಕಿಸಿ ದುಡ್ಡು ಉಳಿಸಿ ಎಂದ. ದಯವಿಟ್ಟು ಈ ಮಾತು ಕೇಳಬೇಡಿ. ಮುಂದೆ ಹಿಡಿತ, ಹಿಂದೆ ಜಾರು ಎಂದಾದರೆ ಮೊದಲ ಇಳಿಜಾರಿನಲ್ಲೇ ಕಾರು ಬುಗುರಿಯಾಗುತ್ತದೆ. ನಾಲ್ಕೂ ಒಂದೇ ಜಾತಿಯದಿರಬೇಕು. ಕೊನೆಗೆ ಚಂಡೀಗಢದ ಅಂಗಡಿಯೊಂದು ಎರಡು ತಿಂಗಳು ಕಾಯಿಸಿ ತರಿಸಿಕೊಟ್ಟಿತು.

ಸಾಧಾರಣ ಟೈರಿನ ರಬ್ಬರು ಹವೆ 7 ಡಿಗ್ರಿಗಿಂತ ಕೆಳಗಿಳಿದರೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ, ಅದರ ಹಲ್ಲುಗಳ ತುಂಬ ಬ್ಲೇಡಿನಲ್ಲಿ ಕುಯ್ದಂಥ ಸಣ್ಣ ಸೀಳುಗಳು, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಗುರುತು ಪಕ್ಕದ ಗೋಡೆಯ ಮೇಲೆ ಇರುತ್ತದೆ: ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಬರೀ ಎಂ ಪ್ಲಸ್ ಎಸ್ ಎಂದು ಬರೆದಿದ್ದರೆ ಸಾಲದು. ಜರ್ಮನಿಯಲ್ಲಿ 2010ರಿಂದ ಹಿಮ ಬಿದ್ದ ರಸ್ತೆಯಲ್ಲಿ ಚಳಿಗಾಲದ ಟೈರು ಕಡ್ಡಾಯ, 2024ರ ಅಕ್ಟೋಬರ್ 1ರಿಂದ ಈ ಬೆಟ್ಟದ ಗುರುತು ಇಲ್ಲದ್ದು ಅಲ್ಲಿ ಲೆಕ್ಕಕ್ಕಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ನಮ್ಮಲ್ಲಿ? ಹಿಮ ಬಿದ್ದ ದಿನ ಮನಾಲಿಯ ಮೇಲೆ ನೆಹರೂ ಕುಂಡದ ಬಳಿ ಗಾಡಿ ತಡೆದು ಫೋರ್ ಬೈ ಫೋರ್ ಆದರೆ ಬಿಡುತ್ತಾರೆ. ಪೊಲೀಸರನ್ನು ದೂರುವುದಿಲ್ಲ, ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ನಿಂತು ಜನರ ಗಾಡಿ ತಳ್ಳುವವರೂ ಅವರೇ. ಆದರೆ ನಿಯಮ ಬ್ಯಾಡ್ಜು ನೋಡುತ್ತದೆ, ಟೈರು ನೋಡುವುದಿಲ್ಲ. ಬೋಳು ಟೈರಿನ ಎರಡು ಟನ್ನಿನ ಫೋರ್ ಬೈ ಫೋರ್ ಮೇಲೆ ಹೋಗುತ್ತದೆ, ಅದೇ ಸಂಜೆ ಇಳಿಯುವಾಗ ನಿಲ್ಲಿಸಲಾಗದೆ ಮುಂದಿನ ಕಾರಿಗೆ ಗುದ್ದುತ್ತದೆ. ಸಾಲ ಕೊಡುವಾಗ ಅರ್ಜಿದಾರನ ಸೂಟು ನೋಡಿ ಮಂಜೂರು ಮಾಡಿದ ಹಾಗಾಯಿತು ಇದು.

ನಮ್ಮದೇ ಅಪೊಲೊ ಕಂಪನಿ 2009ರಲ್ಲಿ ನೆದರ್ಲೆಂಡ್ಸಿನ ವ್ರೆಡೆಸ್ಟೈನ್ ಅನ್ನು ಕೊಂಡಿತು. ಚಳಿಗಾಲದ ಟೈರಿಗೆ ಯೂರೋಪಿನಲ್ಲಿ ಹೆಸರಾದ ಕಂಪನಿ ಅದು. ಅಂದಮೇಲೆ ವಿದ್ಯೆ ನಮ್ಮ ಕೈಯಲ್ಲೇ ಇದೆ. ಚಂಡೀಗಢ, ಮಂಡಿ, ಶ್ರೀನಗರದಲ್ಲಿ ನಾಲ್ಕು ತಿಂಗಳ ಬಾಡಿಗೆಗೆ ಇಂಥ ಟೈರು ಕೊಡುವ ಅಂಗಡಿಗಳು ಏಳಲಿ. ನಿಯಮ ಬಂದರೆ ಅವೂ ಬರುತ್ತವೆ.

ಅಲ್ಲಿಯವರೆಗೆ ಚೈನು. ಅದನ್ನು ಎಳೆಯುವ ಚಕ್ರಕ್ಕೆ ಹಾಕಬೇಕು, ಎಂದರೆ ನಮ್ಮ ಕಾರಿಗೆ ಮುಂದಕ್ಕೆ. ಲಾರಿಯವರು ಹಿಂದೆ ಹಾಕಿದ್ದು ನೋಡಿ ತಾವೂ ಆಲ್ಟೊಗೆ ಹಿಂದೆ ಹಾಕಿಕೊಂಡು ಕೂತವರನ್ನು ಕಣ್ಣಾರೆ ಕಂಡಿದ್ದೇನೆ. ಸ್ಪೋರ್ಟಿ ಕಾರಿನ ಅಗಲ ಟೈರಿಗೂ ಒಳಗಿನ ಕಬ್ಬಿಣಕ್ಕೂ ನಡುವೆ ಜಾಗ ಬಹಳ ಕಡಿಮೆ, ದಪ್ಪ ಚೈನು ಉಜ್ಜಿ ಹಾಳು ಮಾಡುತ್ತದೆ. ಕಂಪನಿಯ ಪುಸ್ತಕ ತೆರೆದು ಯಾವ ಅಳತೆ ಎಂದು ನೋಡಿ, ಮನೆಯಂಗಳದಲ್ಲೇ ಎರಡು ಸಲ ಹಾಕಿ ತೆಗೆದು ಅಭ್ಯಾಸ ಮಾಡಿ. ಬೆರಳು ಮರಗಟ್ಟಿದ ಮೇಲೆ ಕಲಿಯಲು ಆಗುವುದಿಲ್ಲ. ಹಾಕಿದ ಮೇಲೆ ವೇಗ 40 ದಾಟಬಾರದು. ಗಾಳಿ ಅರ್ಧ ಇಳಿಸಿ ಎಂದು ಹೇಳುವವರು ಸಿಗುತ್ತಾರೆ. ಅದು ಮರಳಿನ ವಿದ್ಯೆ, ಗಟ್ಟಿ ಹಿಮದ್ದಲ್ಲ.

“ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಹೋಗಬೇಕು, ಟ್ಯಾಕ್ಸಿ ಇಲ್ವಾ?” ಎನ್ನುವವರ ಮಾತನ್ನು ತಳ್ಳಿಹಾಕುವುದಿಲ್ಲ. ಟೈರೂ ಇಲ್ಲ, ಚೈನೂ ಇಲ್ಲ ಎಂದರೆ ಕಾರನ್ನು ಮನಾಲಿಯಲ್ಲೇ ಬಿಟ್ಟು ಅಲ್ಲಿಯವರ ಗಾಡಿಯಲ್ಲಿ ಹೋಗುವುದೇ ಜಾಣತನ. ಅವರಿಗೂ ನಾಲ್ಕು ಕಾಸು ಸಿಗಲಿ. ನನ್ನ ಜಗಳ ಇರುವುದು ಎರಡೂ ಮಾಡದೆ, ದೊಡ್ಡ ಗಾಡಿ ಇದೆಯೆಂಬ ಧೈರ್ಯದಲ್ಲಿ ಹೊರಡುವವರ ಜೊತೆ.

ಸಿಕ್ಕಿಹಾಕಿಕೊಂಡರೆ ಏನಾಗಬಹುದು ಎಂಬುದಕ್ಕೆ 2022ರ ಜನವರಿ ನೆನಪಿಸಿಕೊಳ್ಳಿ. ಪಾಕಿಸ್ತಾನದ ಮರ‍್ರಿ ಗಿರಿಧಾಮದಲ್ಲಿ ಹಿಮ ನೋಡಲು ಹೋದವರು 7ನೇ ತಾರೀಖಿನ ರಾತ್ರಿ ರಸ್ತೆಯಲ್ಲೇ ಉಳಿದರು. ಬೆಳಗಾಗುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಕಾರುಗಳ ಒಳಗೇ ಹೆಣವಾಗಿದ್ದರು, ಮಕ್ಕಳು ಕೂಡ. ನಿಂತ ಕಾರಿನಲ್ಲಿ ಎಂಜಿನ್ನು ಓಡಿಸಿ ಹೀಟರ್ ಹಾಕಿಕೊಂಡು ಕೂತಾಗ ಹಿಂದಿನ ಸೈಲೆನ್ಸರ್ ಕೊಳವೆ ಹಿಮದಲ್ಲಿ ಮುಚ್ಚಿಹೋದರೆ, ಬಣ್ಣವಿಲ್ಲದ ವಾಸನೆಯಿಲ್ಲದ ಕಾರ್ಬನ್ ಮೋನಾಕ್ಸೈಡ್ ಒಳಕ್ಕೆ ಬರುತ್ತದೆ. ನಿದ್ದೆ ಬಂದ ಹಾಗಾಗುತ್ತದೆ, ಮತ್ತೆ ಏಳುವುದಿಲ್ಲ. ಆದ್ದರಿಂದ ಡಿಕ್ಕಿಯಲ್ಲಿ ಒಂದು ಸಲಿಕೆ, ಎರಡು ಕಂಬಳಿ, ನೀರು, ತಿಂಡಿ, ಒಂದು ಚೀಲ ಮರಳು ಇರಲಿ. ಚಕ್ರ ಹೂತರೆ ಕಾಲಡಿಯ ಮ್ಯಾಟು ತೆಗೆದು ಚಕ್ರದ ಕೆಳಗೆ ಕೊಡಿ, ಊರಲ್ಲಿ ಗೋಣಿಚೀಲ ಕೊಡುತ್ತಿದ್ದ ಹಾಗೆ. ರಾತ್ರಿ ನಿಲ್ಲಲೇಬೇಕಾದರೆ ಮೊದಲು ಇಳಿದು ಸೈಲೆನ್ಸರ್ ಸುತ್ತಲಿನ ಹಿಮ ತೋಡಿ. ಎಂಜಿನ್ನನ್ನು ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಿ, ಆಗ ಗಾಳಿಯ ಎದುರಿಲ್ಲದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿಡಿ. ಪ್ರತಿ ಸಲ ಹಾಕುವ ಮೊದಲೂ ಮತ್ತೆ ಇಳಿದು ಆ ಕೊಳವೆ ನೋಡಿ.